ವಿದ್ಯಾರ್ಥಿಯ ಲ್ಯಾಪ್‌ಟಾಪ್: ಹೆಗಲಿಗೂ ಕಿಸೆಗೂ ಭಾರವಾಗದಿರಲಿ

ಪದವಿ ಪರೀಕ್ಷೆಯ ಫಲಿತಾಂಶ ಪ್ರಕಟವಾಗಿ ವಿಶ್ವವಿದ್ಯಾನಿಲಯಗಳ ಪ್ರವೇಶಾತಿ ಆರಂಭವಾಗುವ ದಿನಗಳಲ್ಲಿ ನಮ್ಮ ಮನೆಗಳಲ್ಲಿ ಒಂದು ಹೊಸ ಚರ್ಚೆ ಹುಟ್ಟಿಕೊಳ್ಳುತ್ತದೆ. ಹಿಂದೆ ಈ ಚರ್ಚೆ ಶುಲ್ಕ, ಬಸ್ ಪಾಸ್, ಹಾಸ್ಟೆಲ್ ಎಂಬಷ್ಟಕ್ಕೆ ಮುಗಿಯುತ್ತಿತ್ತು. ಈಗ ಅದಕ್ಕೆ ಲ್ಯಾಪ್‌ಟಾಪ್ ಎಂಬ ಇನ್ನೊಂದು ಬಾಬ್ತು ಸೇರಿಕೊಂಡಿದೆ. ಕೆಲವು ಮನೆಗಳಲ್ಲಿ ಒಂದು ವರ್ಷದ ಶುಲ್ಕಕ್ಕಿಂತಲೂ ಈ ಒಂದು ವಸ್ತುವಿನ ಬೆಲೆಯೇ ಹೆಚ್ಚು. ಆದುದರಿಂದ ಇದು ಅಂಗಡಿಗೆ ಹೋಗಿ ಬೆರಳು ತೋರಿಸಿ ತರುವ ವಸ್ತುವಲ್ಲ. ಕುಳಿತು ಯೋಚಿಸಿ, ಮನೆಯವರೆಲ್ಲರೂ ಸಮಾಲೋಚಿಸಿ ಕೈಗೊಳ್ಳಬೇಕಾದ ತೀರ್ಮಾನವಾಗಿದೆ.

ನಾನು ಯಂತ್ರಗಳ ವಿದ್ಯೆ ಕಲಿತವನಲ್ಲ. ಮದ್ರಸದಲ್ಲಿ ಓದಿ, ಕನ್ನಡದಲ್ಲಿ ಬಿ.ಎ. ಮಾಡಿ, ಎರಡು ದಶಕಗಳಿಂದ ಮಕ್ಕಳಿಗೆ ಪಾಠ ಹೇಳುತ್ತಾ ಬಂದವನು. ಆದರೂ ಹೆತ್ತವರು ದಾರಿಯಲ್ಲಿ ನಿಲ್ಲಿಸಿ, "ಉಸ್ತಾದರೇ, ಮಗಳಿಗೆ ಯಾವ ಲ್ಯಾಪ್‌ಟಾಪ್ ಕೊಡಿಸೋಣ?" ಎಂದು ಕೇಳುತ್ತಾರೆ. ತಿಳಿಯದ್ದನ್ನು ತಿಳಿದವರಲ್ಲಿ ಕೇಳಿಯೇ ಉತ್ತರಿಸಬೇಕೆಂಬುದು ನಾನು ಕಲಿತ ಪಾಠ. ಕಳೆದ ವರ್ಷ ಈ ಪ್ರಶ್ನೆ ನನ್ನ ತಂಗಿಯ ಮನೆಯಲ್ಲೇ ಎದುರಾದಾಗ, ಲ್ಯಾಪ್‌ಟಾಪ್ ದುರಸ್ತಿ ಮಾಡುವ ಹಳೆಯ ವಿದ್ಯಾರ್ಥಿಯೊಬ್ಬನ ಬಳಿ ಕುಳಿತು ಸಾಕಷ್ಟು ವಿಚಾರಿಸಿಕೊಂಡೆ. ಅದರ ಸಾರವನ್ನು ಇತರ ಕುಟುಂಬಗಳಿಗೂ ಪ್ರಯೋಜನವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ತಂಗಿಯ ಮನೆ ಇರುವುದು ವಿಟ್ಲದ ಕಡೆಯ ಒಂದು ಹಳ್ಳಿಯಲ್ಲಿ. ಅವಳ ಮಗಳಿಗೆ ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಎಂ.ಕಾಂ. ಸೀಟು ದೊರೆತಿತ್ತು. ಬೆಳಗ್ಗೆ ಎರಡು ಬಸ್, ಸಂಜೆ ಎರಡು ಬಸ್. ಭಾವ ಗೂಡ್ಸ್ ಆಟೋ ಓಡಿಸುತ್ತಾರೆ. ತಂಗಿ ಬೀಡಿ ಕಟ್ಟುತ್ತಾಳೆ. ಹಲವು ವರ್ಷಗಳಿಂದ ಬೀಡಿಯ ಹಣದಲ್ಲಿ ಅಷ್ಟಿಷ್ಟು ಉಳಿಸಿ ಅವಳು ಕೂಡಿಟ್ಟದ್ದು ಮೂವತ್ತು ಸಾವಿರ ರೂಪಾಯಿ. ಅದು ಮಗಳ ಓದಿಗೆಂದೇ ಇಟ್ಟ ಹಣವಾಗಿತ್ತು.

ಮನೆಯಲ್ಲಿ ಮೂರು ಅಭಿಪ್ರಾಯಗಳಿದ್ದವು. ಭಾವನಿಗೆ ಲ್ಯಾಪ್‌ಟಾಪ್ ಬೇಕೆಂದೇ ಅನಿಸಿರಲಿಲ್ಲ. "ಕೈಯಲ್ಲಿ ಮೊಬೈಲ್ ಇದೆಯಲ್ಲಾ, ಅದರಲ್ಲಿ ಎಲ್ಲವೂ ಬರುತ್ತದೆ. ನಾಳೆ ಮದುವೆಯಾಗಿ ಹೋಗುವ ಹುಡುಗಿಗೆ ಇಷ್ಟು ದೊಡ್ಡ ಖರ್ಚೇ?" ಎಂಬುದು ಅವರ ಮಾತು. ಪಿಯುಸಿ ಓದುತ್ತಿದ್ದ ಅಳಿಯನಿಗೆ ಗೇಮಿಂಗ್ ಲ್ಯಾಪ್‌ಟಾಪ್ ಬೇಕಿತ್ತು. ಅಕ್ಕನ ಹೆಸರಿನಲ್ಲಿ ಬಂದರೆ ರಾತ್ರಿ ತನಗೂ ಸಿಗುವುದೆಂಬ ಲೆಕ್ಕಾಚಾರ ಅವನದು. ಐವತ್ತು ಸಾವಿರದ ಒಂದು ಮಾದರಿಯನ್ನು ಮೊಬೈಲಿನಲ್ಲಿ ತೋರಿಸಿ, "ತಿಂಗಳ ಕಂತಿನಲ್ಲಿ ಕೊಡುತ್ತಾರೆ, ಮಾಮ" ಎಂದ. ಓದಬೇಕಾದ ಹುಡುಗಿ ಮಾತ್ರ, "ಯಾವುದಾದರೂ ಸರಿ ಮಾಮ, ಪ್ರಾಜೆಕ್ಟ್ ಬರೆಯಲು ಆದರೆ ಸಾಕು" ಎಂದು ಹೇಳಿ ಸುಮ್ಮನಾದಳು.

ಮೊದಲಿಗೆ ಭಾವನ ಪ್ರಶ್ನೆಯನ್ನೇ ತೆಗೆದುಕೊಳ್ಳೋಣ. ಮೊಬೈಲಿನಲ್ಲಿ ಪಾಠ ಕೇಳಬಹುದು, ಟಿಪ್ಪಣಿ ಓದಬಹುದು. ಆದರೆ ಅರವತ್ತು ಪುಟಗಳ ಪ್ರಾಜೆಕ್ಟ್ ವರದಿಯನ್ನು ಅದರಲ್ಲಿ ಬರೆದು, ಕೋಷ್ಟಕ ಹಾಕಿ, ಪುಟ ಸಂಖ್ಯೆ ಕೊಟ್ಟು ಸಿದ್ಧಪಡಿಸುವುದು ಕಷ್ಟ. ನೂರಾರು ಸಾಲುಗಳ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಬಿಡಿಸುವ, ಟ್ಯಾಲಿಯಲ್ಲಿ ಖಾತೆ ಬರೆಯುವ ಅಭ್ಯಾಸ ಅಂಗೈಯಗಲದ ಪರದೆಯಲ್ಲಿ ಆಗದು. ವಾಣಿಜ್ಯ ಓದಿದ ಮಗುವಿಗೆ ನಾಳೆ ಉದ್ಯೋಗ ಕೊಡುವವರು ಕೇಳುವುದೂ ಈ ಅಭ್ಯಾಸವನ್ನೇ. ಇನ್ನು ಮದುವೆಯ ಮಾತು. ಕಲಿಕೆ ಹೆಣ್ಣಿನ ಜೊತೆಗೇ ಹೋಗುವ ಸೊತ್ತು. ಮದುವೆಯಾದರೂ ಅದು ತವರಿನಲ್ಲಿ ಉಳಿಯುವುದಿಲ್ಲ. ಮಗನಿಗೆ ಬೈಕ್ ಕೊಡಿಸುವಾಗ ಕೇಳದ ಪ್ರಶ್ನೆಯನ್ನು ಮಗಳಿಗೆ ಲ್ಯಾಪ್‌ಟಾಪ್ ಕೊಡಿಸುವಾಗ ಕೇಳುವುದು ನ್ಯಾಯವಲ್ಲ. ಭಾವನಿಗೆ ನಾನು ಇಷ್ಟನ್ನೇ ಹೇಳಿದೆ. ಅವರು ಎದುರಾಡಲಿಲ್ಲ.

ಎರಡನೆಯದು ಅಳಿಯನ ಆಸೆ. ಇಲ್ಲಿ ವಾದ ಮಾಡುವ ಬದಲು ತೂಗಿ ನೋಡೋಣವೆಂದೆ. ಹುಡುಗಿಯ ಬ್ಯಾಗಿಗೆ ಎರಡು ಪಠ್ಯಪುಸ್ತಕ, ಎರಡು ನೋಟ್‌ಬುಕ್, ಬುತ್ತಿ, ಒಂದು ಲೀಟರ್ ನೀರಿನ ಬಾಟಲಿ, ಕೊಡೆ ಇವಿಷ್ಟನ್ನು ತುಂಬಿಸಿ ಪಕ್ಕದ ದಿನಸಿ ಅಂಗಡಿಯ ತಕ್ಕಡಿಯ ಮೇಲಿಟ್ಟೆವು. ನಾಲ್ಕು ಕಿಲೋ ದಾಟಿತು. ಗೇಮಿಂಗ್ ಲ್ಯಾಪ್‌ಟಾಪ್‌ಗಳು ಸಾಮಾನ್ಯವಾಗಿ ಎರಡೂಕಾಲು ಕಿಲೋದ ಆಸುಪಾಸಿನಲ್ಲಿ ಇರುತ್ತವೆ. ಅವುಗಳ ಚಾರ್ಜರ್ ಒಂದು ಇಟ್ಟಿಗೆಯಷ್ಟು ದೊಡ್ಡದು, ಅದೇ ಅರ್ಧ ಕಿಲೋ. ಎಲ್ಲವೂ ಸೇರಿದರೆ ಸುಮಾರು ಏಳು ಕಿಲೋ. ಆ ಭಾರ ಹೊತ್ತು, ಬೆಳಗಿನ ಬಸ್ಸಿನಲ್ಲಿ ಒಂದು ಕೈಯಿಂದ ಕಂಬಿ ಹಿಡಿದು, ಮುಕ್ಕಾಲು ಗಂಟೆ ನಿಂತು ಸಾಗಬೇಕಾದವಳು ಅವಳು. ಹದಿನಾಲ್ಕು ಇಂಚಿನ ಪರದೆಯ ಸಾಮಾನ್ಯ ಲ್ಯಾಪ್‌ಟಾಪಾದರೆ ಒಂದೂವರೆ ಕಿಲೋದೊಳಗೆ ಸಿಗುತ್ತದೆ. ಚಾರ್ಜರ್ ಅಂಗೈಯೊಳಗೆ ಹಿಡಿಯುವಷ್ಟು ಚಿಕ್ಕದು. ವ್ಯತ್ಯಾಸ ಒಂದು ಕಿಲೋಗಿಂತಲೂ ಹೆಚ್ಚು. ಅಂಗಡಿಯಲ್ಲಿ ಎರಡು ನಿಮಿಷ ಎತ್ತಿ ಹಿಡಿದಾಗ ಒಂದು ಕಿಲೋ ಏನೂ ಅಲ್ಲವೆನಿಸುತ್ತದೆ. ಎರಡು ವರ್ಷ ಪ್ರತಿದಿನ ಹೊತ್ತ ಹೆಗಲಿಗೆ ಅದರ ಲೆಕ್ಕ ಗೊತ್ತಿರುತ್ತದೆ. ಇನ್ನೊಂದು ವಿಷಯ, ಭಾರವೆನಿಸಿದ ಲ್ಯಾಪ್‌ಟಾಪ್ ಕ್ರಮೇಣ ಮನೆಯಲ್ಲೇ ಉಳಿದುಬಿಡುತ್ತದೆ. ಗ್ರಂಥಾಲಯಕ್ಕೆ ಹೋಗದ ಲ್ಯಾಪ್‌ಟಾಪ್‌ನಿಂದ ಓದಿಗೆ ಅರ್ಧವೇ ಪ್ರಯೋಜನ.

ಹಾಗೆಂದು ಪ್ರಬಲವಾದ ಯಂತ್ರ ಯಾರಿಗೂ ಬೇಡವೆಂದಲ್ಲ. ವಾಸ್ತುಶಿಲ್ಪ ಓದುವವರಿಗೆ, ಎಂಜಿನಿಯರಿಂಗ್‌ನಲ್ಲಿ ಮೂರು ಆಯಾಮದ ವಿನ್ಯಾಸ ಬಿಡಿಸುವವರಿಗೆ, ವಿಡಿಯೋ ಸಂಕಲನ ಕಲಿಯುವವರಿಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಅಗತ್ಯವಾಗಬಹುದು. ಆದುದರಿಂದ ಮೊದಲು ಕೇಳಬೇಕಾದ ಪ್ರಶ್ನೆ, "ಯಾವ ಕಂಪೆನಿಯದು ಒಳ್ಳೆಯದು?" ಎಂಬುದಲ್ಲ. "ನನ್ನ ಕೋರ್ಸಿನಲ್ಲಿ ಯಾವ ತಂತ್ರಾಂಶಗಳನ್ನು ಬಳಸುತ್ತಾರೆ?" ಎಂಬುದು. ಇದನ್ನು ವಿಭಾಗದ ಅಧ್ಯಾಪಕರಲ್ಲಿಯೋ ಹಿರಿಯ ವಿದ್ಯಾರ್ಥಿಗಳಲ್ಲಿಯೋ ಕೇಳಿ ಬರೆದುಕೊಳ್ಳಬೇಕು. ನಮ್ಮ ಹುಡುಗಿಗೆ ಬೇಕಾದದ್ದು ವರ್ಡ್, ಎಕ್ಸೆಲ್, ಟ್ಯಾಲಿ ಮತ್ತು ಅಂಕಿ ಅಂಶಗಳ ವಿಶ್ಲೇಷಣೆಯ ಒಂದು ತಂತ್ರಾಂಶ. ಟ್ಯಾಲಿ ವಿಂಡೋಸ್‌ಗಾಗಿ ರೂಪಿಸಿದ್ದು. ಹೀಗಾಗಿ ಅಗ್ಗವಾಗಿ ಸಿಗುವ ಕ್ರೋಮ್‌ಬುಕ್ ನಮ್ಮ ಪಟ್ಟಿಯಿಂದ ಹೊರಗುಳಿಯಿತು. ಕೇವಲ ಬರೆಯುವ, ಓದುವ, ಅಂತರ್ಜಾಲ ನೋಡುವ ಕೆಲಸವಿರುವ ಸಾಹಿತ್ಯದ ವಿದ್ಯಾರ್ಥಿಗೆ ಅದೇ ಕ್ರೋಮ್‌ಬುಕ್ ಸಾಕಾಗಬಹುದು. ಆಪಲ್‌ನ ಮ್ಯಾಕ್‌ಬುಕ್ ಏರ್ ಬಹಳ ಹಗುರ, ಬ್ಯಾಟರಿಯೂ ದೀರ್ಘಕಾಲ ಬರುತ್ತದೆ. ಆದರೆ ಬೆಲೆ ನಮ್ಮ ಕೈಗೆಟಕದ್ದು, ಟ್ಯಾಲಿಗೂ ಅದು ಒಗ್ಗದು.

ಈಗ ಯಂತ್ರದ ಒಳಗಿನ ವಿಷಯ. ಅಂಗಡಿಯವರು ಹೇಳುವ ಹತ್ತು ಹೆಸರುಗಳಲ್ಲಿ ಹೆತ್ತವರು ನೆನಪಿಡಬೇಕಾದವು ನಾಲ್ಕೇ.

ಮೊದಲನೆಯದು ರ‍್ಯಾಮ್. ಇದನ್ನು ಕೆಲಸ ಮಾಡುವ ಮೇಜಿಗೆ ಹೋಲಿಸಬಹುದು. ಮೇಜು ಅಗಲವಿದ್ದಷ್ಟೂ ಹೆಚ್ಚು ಪುಸ್ತಕ ಹರಡಬಹುದು. ವಿಂಡೋಸ್ 11 ಕೇಳುವ ಕನಿಷ್ಠ ರ‍್ಯಾಮ್ 4 ಜಿಬಿ. ಆದರೆ ಕನಿಷ್ಠವೆಂದರೆ ಯಂತ್ರ ಉಸಿರಾಡುವಷ್ಟು ಮಾತ್ರ. 8 ಜಿಬಿ ಇದ್ದರೆ ಓದಿನ ಕೆಲಸ ನಡೆಯುತ್ತದೆ. 16 ಜಿಬಿ ಇದ್ದರೆ ಕೆಲವು ವರ್ಷ ನಿಶ್ಚಿಂತೆ. ತೆಳ್ಳಗಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತದೆ, ಮುಂದೆ ಹೆಚ್ಚಿಸಲು ಬರುವುದಿಲ್ಲ. "ಇದಕ್ಕೆ ಮುಂದೆ ರ‍್ಯಾಮ್ ಸೇರಿಸಬಹುದೇ?" ಎಂಬ ಒಂದು ಪ್ರಶ್ನೆ ನಾಳೆ ಸಾವಿರಾರು ರೂಪಾಯಿ ಉಳಿಸೀತು.

ಎರಡನೆಯದು ಸಂಗ್ರಹ. ಇದು ಪುಸ್ತಕದ ಕಪಾಟು. ಎಸ್‌ಎಸ್‌ಡಿ ಎಂಬುದೇ ಇರಬೇಕು. ಹಳೆಯ ತಿರುಗುವ ಹಾರ್ಡ್ ಡಿಸ್ಕ್ ನಿಧಾನ, ಬಸ್ಸಿನ ಕುಲುಕಾಟಕ್ಕೂ ಸೂಕ್ಷ್ಮ. ತೀರಾ ಅಗ್ಗದ ಹೊಸ ಲ್ಯಾಪ್‌ಟಾಪ್‌ಗಳಲ್ಲಿ 64 ಜಿಬಿಯ ಇಎಂಎಂಸಿ ಎಂಬ ಸಂಗ್ರಹವಿರುತ್ತದೆ. ಇಲ್ಲಿ ಎಚ್ಚರ ಬೇಕು. ವಿಂಡೋಸ್ 11 ಕೇಳುವ ಕನಿಷ್ಠ ಜಾಗವೇ 64 ಜಿಬಿ. ಅಂದರೆ ಮನೆ ಕಟ್ಟಿದ ದಿನವೇ ಕಾಲಿಡಲು ಜಾಗವಿಲ್ಲದಂತೆ. 256 ಜಿಬಿ ಸಾಕು, 512 ಆದರೆ ಉತ್ತಮ.

ಮೂರನೆಯದು ಪ್ರೊಸೆಸರ್‌ನ ತಲೆಮಾರು. ಹಳೆಯ ಲ್ಯಾಪ್‌ಟಾಪ್ ಕೊಳ್ಳುವವರಿಗೆ ಇದು ಬಹಳ ಮುಖ್ಯ. ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿದೆ. ವಿಂಡೋಸ್ 11 ಅಧಿಕೃತವಾಗಿ ಓಡಬೇಕಾದರೆ ಇಂಟೆಲ್‌ನ ಕೋರ್ ಸರಣಿಯಲ್ಲಿ 8ನೇ ತಲೆಮಾರು ಅಥವಾ ಅದರ ನಂತರದ ಪ್ರೊಸೆಸರ್ ಬೇಕು. ಹೀಗಾಗಿ 6, 7ನೇ ತಲೆಮಾರಿನವು ಈಗ ಅಗ್ಗದ ಬೆಲೆಗೆ ಮಾರಾಟವಾಗುತ್ತಿವೆ. "ಐ7 ಇದೆ, ಹನ್ನೆರಡು ಸಾವಿರಕ್ಕೆ ಕೊಡುತ್ತೇನೆ" ಎಂದಾಗ ಮರುಳಾಗಬಾರದು. ಐ7 ಎಂಬುದಕ್ಕಿಂತ ಅದರ ಮುಂದಿನ ಸಂಖ್ಯೆಯನ್ನು ಓದಬೇಕು. ಐ5-8250 ಎಂದಿದ್ದರೆ 8ನೇ ತಲೆಮಾರು, ಐ5-1135 ಎಂದಿದ್ದರೆ 11ನೇ ತಲೆಮಾರು. ಹಳೆಯ ಐ7ಗಿಂತ ಹೊಸ ಐ5, ಕೆಲವೊಮ್ಮೆ ಹೊಸ ಐ3 ಕೂಡಾ ಒಳ್ಳೆಯದು.

ನಾಲ್ಕನೆಯದು ಬ್ಯಾಟರಿ. ಇದರ ಅಳತೆ ವ್ಯಾಟ್ ಅವರ್. ಬರೆಯುವ, ಓದುವ ಕೆಲಸಕ್ಕೆ ಸಾಧಾರಣ ಲ್ಯಾಪ್‌ಟಾಪ್ ಗಂಟೆಗೆ 8ರಿಂದ 10 ವ್ಯಾಟ್ ಅವರ್ ಬಳಸುತ್ತದೆಂದು ಇಟ್ಟುಕೊಂಡರೆ, 45 ವ್ಯಾಟ್ ಅವರ್‌ನ ಬ್ಯಾಟರಿ ನಾಲ್ಕೂವರೆಯಿಂದ ಐದೂವರೆ ಗಂಟೆ ಬರುತ್ತದೆ. ತರಗತಿಯ ಪ್ರತಿಯೊಂದು ಬೆಂಚಿನ ಬಳಿ ಪ್ಲಗ್ ಇರುವುದಿಲ್ಲ, ಮಳೆಗಾಲದಲ್ಲಿ ಹಳ್ಳಿಗಳಲ್ಲಿ ವಿದ್ಯುತ್ ಯಾವಾಗ ಹೋಗುವುದೆಂದೂ ಹೇಳಲಾಗದು. ಟೈಪ್-ಸಿ ಮೂಲಕ ಚಾರ್ಜ್ ಆಗುವ ಲ್ಯಾಪ್‌ಟಾಪ್ ಆದರೆ, ಚಾರ್ಜರ್ ಕೆಟ್ಟಾಗ ಬೇರೆಯದನ್ನು ಹುಡುಕುವುದೂ ಸುಲಭ.

ಮೂವತ್ತು ಸಾವಿರದೊಳಗೆ ಹೊಸದಾಗಿ ನಾವು ಕಂಡವುಗಳಲ್ಲಿ ಯಾವುದಾದರೂ ಒಂದು ಕೊರತೆ ಇದ್ದೇ ಇತ್ತು. ಒಂದರಲ್ಲಿ ರ‍್ಯಾಮ್ ಕಡಿಮೆ, ಇನ್ನೊಂದರಲ್ಲಿ ಪರದೆ ಮಂಕು, ಮತ್ತೊಂದರಲ್ಲಿ ಕೀಲಿಮಣೆ ಒತ್ತಿದರೆ ಬಗ್ಗುವಷ್ಟು ದುರ್ಬಲ. ಆಗ ದುರಸ್ತಿಯ ಹುಡುಗ ಬೇರೊಂದು ದಾರಿ ತೋರಿಸಿದ. ದೊಡ್ಡ ಕಂಪೆನಿಗಳು ತಮ್ಮ ನೌಕರರಿಗೆ ಕೊಟ್ಟ ಲ್ಯಾಪ್‌ಟಾಪ್‌ಗಳನ್ನು ಕೆಲವು ವರ್ಷಗಳ ಬಳಿಕ ಒಟ್ಟಾಗಿ ವಿಲೇವಾರಿ ಮಾಡುತ್ತವೆ. ಥಿಂಕ್‌ಪ್ಯಾಡ್, ಲ್ಯಾಟಿಟ್ಯೂಡ್, ಎಲೈಟ್‌ಬುಕ್ ಎಂಬ ಹೆಸರಿನ ಸರಣಿಗಳು ಇಂಥವು. ಕಚೇರಿ ಬಳಕೆಗೆಂದೇ ಗಟ್ಟಿಯಾಗಿ ತಯಾರಿಸಿದ ಇವುಗಳ ಕೀಲಿಮಣೆ ಚೆನ್ನಾಗಿರುತ್ತದೆ, ಬಿಡಿಭಾಗಗಳೂ ಸುಲಭವಾಗಿ ಸಿಗುತ್ತವೆ. ಬೆಂಗಳೂರಿನ ಎಸ್.ಪಿ. ರಸ್ತೆಯಂತಹ ಮಾರುಕಟ್ಟೆಗಳಿಂದ ಇವು ನಮ್ಮ ಜಿಲ್ಲೆಗಳ ಅಂಗಡಿಗಳಿಗೂ ಬರುತ್ತವೆ. ಅಗ್ಗದ ಹೊಸದಕ್ಕಿಂತ ಉತ್ತಮ ದರ್ಜೆಯ ಹಳೆಯದು ಲೇಸೆಂಬುದು ಅವನ ಅನುಭವ.

ಹಳೆಯ ವಸ್ತುವನ್ನು ಕೊಳ್ಳುವಾಗ ಪರೀಕ್ಷಿಸಿಯೇ ಕೊಳ್ಳಬೇಕು. ಹಗಲು ಹೊತ್ತಿನಲ್ಲಿ ಹೋಗಬೇಕು. ಖಾಲಿ ಕಡತವೊಂದನ್ನು ತೆರೆದು ಕೀಲಿಮಣೆಯ ಪ್ರತಿಯೊಂದು ಕೀಲಿಯನ್ನೂ ಒತ್ತಿ ನೋಡಬೇಕು. ಪರದೆಯನ್ನು ಪೂರ್ಣ ಬಿಳಿ, ಪೂರ್ಣ ಕಪ್ಪು ಮಾಡಿ ಕಲೆಗಳಿವೆಯೇ ಎಂದು ನೋಡಬೇಕು. ಮುಚ್ಚಳವನ್ನು ನಾಲ್ಕೈದು ಬಾರಿ ತೆರೆದು ಮುಚ್ಚಿ ಕೀಲು ಸಡಿಲವಾಗಿದೆಯೇ ಎಂದು ಪರೀಕ್ಷಿಸಬೇಕು. ಕ್ಯಾಮೆರಾ, ಮೈಕ್, ವೈಫೈ, ಎಲ್ಲ ಯುಎಸ್‌ಬಿ ರಂಧ್ರಗಳನ್ನೂ ಬಳಸಿ ನೋಡಬೇಕು. ವಿಂಡೋಸ್‌ನಲ್ಲಿ ಬ್ಯಾಟರಿ ವರದಿ ತೆಗೆಯುವ ಸೌಲಭ್ಯವಿದೆ, ತಿಳಿದವರಲ್ಲಿ ಕೇಳಿದರೆ ಒಂದು ನಿಮಿಷದಲ್ಲಿ ತೋರಿಸಿಕೊಡುತ್ತಾರೆ. ಬ್ಯಾಟರಿ ಹುಟ್ಟುವಾಗ ಎಷ್ಟು ಸಾಮರ್ಥ್ಯವಿತ್ತು, ಈಗ ಎಷ್ಟು ಉಳಿದಿದೆ ಎಂಬ ಎರಡೂ ಸಂಖ್ಯೆಗಳು ಅದರಲ್ಲಿರುತ್ತವೆ. ಬಿಲ್ಲು ಪಡೆಯಬೇಕು. ಬಿಲ್ಲಿನಲ್ಲಿ ಸೀರಿಯಲ್ ನಂಬರ್ ಮತ್ತು ವಾರಂಟಿಯ ಅವಧಿ ಬರೆದಿರಬೇಕು. ಬಿಲ್ಲಿಲ್ಲದ ಲ್ಯಾಪ್‌ಟಾಪ್ ಎಷ್ಟೇ ಅಗ್ಗವಾದರೂ ಬೇಡ. ಅದು ಯಾರ ಮನೆಯಿಂದ ಕಳವಾದುದೋ ಯಾರು ಬಲ್ಲರು?

ಮದ್ರಸದಲ್ಲಿ ನಾವು ವ್ಯಾಪಾರದ ಅಧ್ಯಾಯ ಓದುವಾಗ ಖಿಯಾರುಲ್ ಐಬ್ ಎಂಬ ನಿಯಮವನ್ನು ಕಲಿಯುತ್ತೇವೆ. ಮಾರುವಾಗ ತಿಳಿಸದ ದೋಷವೊಂದು ವಸ್ತುವಿನಲ್ಲಿ ಮೊದಲೇ ಇತ್ತೆಂದು ಆಮೇಲೆ ಕಂಡುಬಂದರೆ, ಅದನ್ನು ಹಿಂದಿರುಗಿಸುವ ಹಕ್ಕು ಕೊಂಡವನಿಗಿದೆ ಎಂಬುದು ಅದರ ಸಾರ. ಕಿತಾಬುಗಳಲ್ಲಿ ಒಂಟೆ, ಕುದುರೆ, ಬಟ್ಟೆಗಳ ಉದಾಹರಣೆಗಳಿರುತ್ತವೆ. ಹಳೆಯ ಲ್ಯಾಪ್‌ಟಾಪ್ ಅಂಗಡಿಯಲ್ಲಿ ನಿಂತಾಗ ಆ ಪಾಠ ನನಗೆ ಹೊಸದಾಗಿ ಅರ್ಥವಾಯಿತು. ಮೊದಲು ಹೋದ ಒಂದು ಅಂಗಡಿಯಲ್ಲಿ ಬ್ಯಾಟರಿ ವರದಿ ತೋರಿಸಲು ಕೇಳಿದ್ದಕ್ಕೆ, "ಹಳೆಯದು ಕೊಳ್ಳುವವರು ಇಷ್ಟೆಲ್ಲಾ ಕೇಳಬಾರದು" ಎಂದರು. ಸಲಾಂ ಹೇಳಿ ಹೊರಬಂದೆವು. ಎರಡನೆಯ ಅಂಗಡಿಯ ಯುವಕ ತಾನಾಗಿಯೇ, "ಉಸ್ತಾದರೇ, ಇದರ ಬಲಬದಿಯ ಯುಎಸ್‌ಬಿ ಸ್ವಲ್ಪ ಸಡಿಲವಿದೆ, ಬ್ಯಾಟರಿ ನೂರರಲ್ಲಿ ಎಂಬತ್ತರಷ್ಟು ಉಳಿದಿದೆ. ನೋಡಿ, ಒಪ್ಪಿಗೆಯಾದರೆ ತೆಗೆದುಕೊಳ್ಳಿ" ಎಂದ. ದೋಷವನ್ನು ಬಚ್ಚಿಡದವನ ಮಾತಿನ ಮೇಲೆ ವಿಶ್ವಾಸವಿಡಬಹುದೆಂದು ತಂಗಿಯೇ ಹೇಳಿದಳು.

ಅಲ್ಲಿ ಕೊಂಡದ್ದು ಹದಿನಾಲ್ಕು ಇಂಚಿನ, 11ನೇ ತಲೆಮಾರಿನ ಐ5, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ ಇರುವ ಒಂದು ಲ್ಯಾಪ್‌ಟಾಪನ್ನು. ತೂಕ ಒಂದೂವರೆ ಕಿಲೋಗಿಂತ ಸ್ವಲ್ಪ ಕಡಿಮೆ. ಬೆಲೆ ಇಪ್ಪತ್ತಾರೂವರೆ ಸಾವಿರ, ಆರು ತಿಂಗಳ ವಾರಂಟಿ. ಉಳಿದ ಮೂರೂವರೆ ಸಾವಿರವನ್ನೂ ಲೆಕ್ಕ ಹಾಕಿಯೇ ಇಟ್ಟಿದ್ದೆವು. ಮಳೆಗೆ ನೆನೆಯದ ಬ್ಯಾಗ್, ಮೌಸ್, ಒಂದು ಪೆನ್‌ಡ್ರೈವ್ ಅದರಲ್ಲಿ ಬಂದವು. ಮಿಕ್ಕದ್ದು ಮುಂದಿನ ದುರಸ್ತಿಗೆ. ಕೈಯಲ್ಲಿರುವ ಪೂರ್ತಿ ಹಣವನ್ನು ಯಂತ್ರಕ್ಕೇ ಸುರಿದು, ಬ್ಯಾಗಿಗೆ ಕಾಸಿಲ್ಲದೆ ಪ್ಲಾಸ್ಟಿಕ್ ಚೀಲದಲ್ಲಿ ಹೊತ್ತುಕೊಂಡು ಹೋಗುವ ಮಕ್ಕಳನ್ನು ನಾನು ನೋಡಿದ್ದೇನೆ.

ಇಲ್ಲಿ ಕಂತಿನ ವಿಷಯವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಅಳಿಯ ತೋರಿಸಿದ ಐವತ್ತು ಸಾವಿರದ ಲ್ಯಾಪ್‌ಟಾಪನ್ನು ವಾರ್ಷಿಕ ಶೇ. 16ರ ಬಡ್ಡಿಗೆ 12 ತಿಂಗಳ ಕಂತಿನಲ್ಲಿ ಕೊಂಡರೆ, ತಿಂಗಳಿಗೆ ಸುಮಾರು 4,537 ರೂಪಾಯಿಯಂತೆ ಒಟ್ಟು 54,440 ರೂಪಾಯಿಯಷ್ಟು ಕಟ್ಟಬೇಕಾಗುತ್ತದೆ. ಕ್ರೆಡಿಟ್ ಕಾರ್ಡಿನ ಕಂತಾದರೆ ಆ ಬಡ್ಡಿಯ ಮೇಲೆ ಶೇ. 18ರ ಜಿಎಸ್‌ಟಿ, ಅಂದರೆ ಮತ್ತೆ ಎಂಟುನೂರು. "ನೋ ಕಾಸ್ಟ್ ಇಎಂಐ" ಎಂಬ ಫಲಕವನ್ನು ನೋಡಿ, ಇದರಲ್ಲಿ ಬಡ್ಡಿಯೇ ಇಲ್ಲವೆಂದು ಅನೇಕ ಧರ್ಮನಿಷ್ಠರೂ ನಂಬಿದ್ದಾರೆ. ಸಾಮಾನ್ಯವಾಗಿ ಅಲ್ಲಿ ನಡೆಯುವುದೇನೆಂದರೆ, ಬಡ್ಡಿಯಷ್ಟು ಮೊತ್ತವನ್ನು ಬೆಲೆಯಲ್ಲಿ ರಿಯಾಯಿತಿಯಾಗಿ ತೋರಿಸಿ, ಬ್ಯಾಂಕು ಆ ಬಡ್ಡಿಯನ್ನು ಕಂತಿನೊಳಗೆ ವಸೂಲು ಮಾಡುತ್ತದೆ. 2013ರ ಸೆಪ್ಟೆಂಬರ್‌ನಲ್ಲಿ ಭಾರತೀಯ ರಿಸರ್ವ್ ಬ್ಯಾಂಕೇ ಶೂನ್ಯ ಬಡ್ಡಿ ಎಂಬುದು ಅಸ್ತಿತ್ವದಲ್ಲಿಲ್ಲದ ಪರಿಕಲ್ಪನೆ ಎಂದೂ, ಅಂತಹ ಯೋಜನೆಗಳಲ್ಲಿ ಬಡ್ಡಿಯನ್ನು ಶುಲ್ಕದ ರೂಪದಲ್ಲಿ ಮರೆಮಾಚಲಾಗುತ್ತದೆಂದೂ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ತಿಳಿಸಿತ್ತು. ಫಲಕದ ಅಕ್ಷರವನ್ನಲ್ಲ, ಕರಾರಿನ ಅಕ್ಷರವನ್ನು ಓದಬೇಕು.

ಬಡ್ಡಿಯಿಂದ ದೂರವಿರಬೇಕೆಂಬುದು ನಮ್ಮ ಧರ್ಮದ ಸ್ಪಷ್ಟ ಆದೇಶ. ಅದನ್ನು ಇಲ್ಲಿ ವಿವರಿಸಬೇಕಾಗಿಲ್ಲ. ಆದರೆ ಕಂತೆಂದರೆಲ್ಲವೂ ಬಡ್ಡಿಯಲ್ಲ. ಅಂಗಡಿಯವನೇ ತನ್ನ ವಸ್ತುವನ್ನು, ವ್ಯವಹಾರ ಕುದುರುವಾಗಲೇ ಒಂದು ಬೆಲೆ ನಿಗದಿಪಡಿಸಿ, ಆ ಬೆಲೆಯನ್ನು ತಿಂಗಳು ತಿಂಗಳು ಪಡೆಯುವುದನ್ನು, ತಡವಾದರೆ ಹೆಚ್ಚುವರಿ ಕೇಳದಿದ್ದರೆ, ಬಹುಪಾಲು ಫಿಕ್ಹ್ ವಿದ್ವಾಂಸರು ಒಪ್ಪಿದ್ದಾರೆ. ನಿಮ್ಮ ಮುಂದಿರುವ ಕರಾರು ಯಾವ ಬಗೆಯದೆಂದು ತಿಳಿಯದಿದ್ದರೆ ಅದನ್ನು ತೆಗೆದುಕೊಂಡು ಹೋಗಿ ಊರಿನ ಉಲಮಾಗಳಿಗೆ ತೋರಿಸಿರಿ. ಕುಟುಂಬದೊಳಗಿನ ಬಡ್ಡಿರಹಿತ ಸಾಲವೂ ಒಂದು ಮಾರ್ಗ. ಮದುವೆಯ ಊಟಕ್ಕೆ ಸಾಲ ಕೊಡಲು ಮುಂದಾಗುವ ನಮ್ಮ ಬಂಧುಗಳು, ಮಗುವಿನ ಓದಿಗೆ ಹತ್ತು ಸಾವಿರ ಕೇಳಿದರೆ ಹಿಂದೇಟು ಹಾಕುವುದು ಏಕೆ? ಜಮಾಅತ್‌ಗಳೂ ಈ ಬಗ್ಗೆ ಚಿಂತಿಸಬೇಕು. ಮಹಲ್ಲಿನ ಮನೆಗಳಲ್ಲಿ ಬಳಕೆಯಿಲ್ಲದೆ ಕಪಾಟಿನಲ್ಲಿ ಮಲಗಿರುವ ಲ್ಯಾಪ್‌ಟಾಪ್‌ಗಳನ್ನು ಸಂಗ್ರಹಿಸಿ, ಎಸ್‌ಎಸ್‌ಡಿ ಹಾಕಿಸಿ, ಉಬುಂಟು ಅಥವಾ ಮಿಂಟ್‌ನಂತಹ ಉಚಿತ ಲಿನಕ್ಸ್ ಅಳವಡಿಸಿದರೆ, ವಿಂಡೋಸ್ 11 ಓಡದ ಹಳೆಯ ಯಂತ್ರಗಳೂ ಬರವಣಿಗೆ, ಓದಿಗೆ ಒದಗುತ್ತವೆ. ಲಿಬ್ರೆ ಆಫೀಸ್ ಎಂಬ ಉಚಿತ ತಂತ್ರಾಂಶದಲ್ಲಿ ವರದಿಯನ್ನೂ ಬರೆಯಬಹುದು, ಲೆಕ್ಕವನ್ನೂ ಮಾಡಬಹುದು. ಕಳ್ಳ ಪ್ರತಿಯ ತಂತ್ರಾಂಶವನ್ನು ಹಾಕಿಸಿಕೊಳ್ಳುವ ಪ್ರಮೇಯವೇ ಬರುವುದಿಲ್ಲ.

ಗಲ್ಫ್‌ನಲ್ಲಿರುವ ಸಹೋದರರು ಲ್ಯಾಪ್‌ಟಾಪ್ ತರುವುದೂ ನಮ್ಮಲ್ಲಿ ವಾಡಿಕೆ. ಹದಿನೆಂಟು ವರ್ಷ ದಾಟಿದ ಪ್ರಯಾಣಿಕರು ಒಂದು ಲ್ಯಾಪ್‌ಟಾಪನ್ನು ಸುಂಕವಿಲ್ಲದೆ ತರಬಹುದು. ಆದರೆ ಅದರ ವಾರಂಟಿ ಭಾರತದಲ್ಲಿ ನಡೆಯುತ್ತದೆಯೇ ಎಂದು ಮೊದಲೇ ಕೇಳಿ ತಿಳಿಯಬೇಕು. ಚಾರ್ಜರಿನ ಪಿನ್ ನಮ್ಮ ಗೋಡೆಗೆ ಹೊಂದದು, ಅಡಾಪ್ಟರ್ ಬೇಕಾಗುತ್ತದೆ. ಕೀಲಿಗಳ ಮೇಲೆ ಅರಬಿ ಅಕ್ಷರಗಳೂ ಇರುತ್ತವೆ. ನನ್ನಂಥವರಿಗೆ ಅದು ಸಂತೋಷವೇ, ಕಲಿಯುವ ಮಕ್ಕಳಿಗೆ ಮೊದಲ ವಾರ ಗೊಂದಲ.

ಕನ್ನಡ ಓದುವ ವಿದ್ಯಾರ್ಥಿಗಳಿಗೂ ಒಂದು ಮಾತು. ಕನ್ನಡ ಟೈಪಿಂಗ್‌ಗೆ ಪ್ರತ್ಯೇಕ ಕೀಲಿಮಣೆಯ ಅಗತ್ಯವಿಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸವನ್ನು ಆಧರಿಸಿದ ನುಡಿ ತಂತ್ರಾಂಶ ಉಚಿತವಾಗಿ ದೊರೆಯುತ್ತದೆ. ವಿಂಡೋಸ್‌ನೊಳಗೂ ಕನ್ನಡ ಕೀಲಿಮಣೆ ಇದೆ. ಆದರೆ ಆರಂಭದಿಂದಲೇ ಯೂನಿಕೋಡ್‌ನಲ್ಲಿ ಬರೆಯುವ ರೂಢಿ ಬೆಳೆಸಿಕೊಳ್ಳಬೇಕು. ಹಳೆಯ ಫಾಂಟಿನಲ್ಲಿ ಬರೆದ ಪ್ರಬಂಧ ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣಿಸುತ್ತದೆ.

ಕೊಂಡ ಮೇಲೆ ಜೋಪಾನ ಮಾಡುವುದೂ ಅಷ್ಟೇ ಮುಖ್ಯ. ನಮ್ಮ ಕರಾವಳಿಯ ಆಟಿಯ ಮಳೆಗೆ ಗೋಡೆಗಳೇ ಬೆವರುತ್ತವೆ. ಲ್ಯಾಪ್‌ಟಾಪನ್ನು ವಾರಗಟ್ಟಲೆ ಮುಚ್ಚಿದ ಬ್ಯಾಗಿನಲ್ಲಿ ಇಡಬಾರದು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣಗಳನ್ನು ಎಸೆಯದೆ ಬ್ಯಾಗಿನಲ್ಲಿಟ್ಟರೆ ತೇವ ಹೀರುತ್ತವೆ. ಗುಡುಗು ಸಿಡಿಲಿನ ಹೊತ್ತು ಚಾರ್ಜರನ್ನು ಪ್ಲಗ್‌ನಿಂದ ತೆಗೆದುಬಿಡಬೇಕು. ಹಾಸಿಗೆಯ ಮೇಲಿಟ್ಟು ಬಳಸಿದರೆ ಗಾಳಿಯ ದ್ವಾರ ಮುಚ್ಚಿ ಬಿಸಿಯಾಗುತ್ತದೆ, ಗಟ್ಟಿ ಮಣೆಯ ಮೇಲಿಡಬೇಕು. ಬರೆದದ್ದೆಲ್ಲವೂ ಇನ್ನೊಂದು ಕಡೆಯೂ ಇರಬೇಕು. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಜಾಗ ಉಚಿತ. ಯಂತ್ರ ಕೆಟ್ಟರೆ ಇನ್ನೊಂದು ಕೊಳ್ಳಬಹುದು. ಎರಡು ವರ್ಷದ ಬರಹ ಅಳಿಸಿಹೋದರೆ ಎಲ್ಲಿಂದ ಕೊಳ್ಳುವುದು?

ಲ್ಯಾಪ್‌ಟಾಪ್ ಮನೆಗೆ ಬಂದ ದಿನ ತಂಗಿ ಒಂದು ನಿಯಮ ಮಾಡಿದಳು. ಇದು ಓದುವವಳದ್ದು, ಅವಳ ಓದು ಮುಗಿಯುವವರೆಗೆ ಬೇರೆಯವರು ಅವಳನ್ನು ಕೇಳದೆ ಮುಟ್ಟಬಾರದು. ಅಳಿಯ ಎರಡು ದಿನ ಮುಖ ಊದಿಸಿಕೊಂಡ. ಈ ನಿಯಮ ನನಗೆ ಬಹಳ ಇಷ್ಟವಾಯಿತು. ಹೆಣ್ಣುಮಕ್ಕಳ ಹೆಸರಿನಲ್ಲಿ ಕೊಂಡ ವಸ್ತು ಮನೆಯವರೆಲ್ಲರ ಸಿನಿಮಾ ಪೆಟ್ಟಿಗೆಯಾಗಿ, ಪರೀಕ್ಷೆಯ ಹಿಂದಿನ ರಾತ್ರಿಯೂ ಅವಳು ಸರದಿಗಾಗಿ ಕಾಯುವ ಸ್ಥಿತಿ ಹಲವೆಡೆ ಇದೆ.

ಆರು ತಿಂಗಳ ಬಳಿಕ ಹುಡುಗಿ ತನ್ನ ಉಮ್ಮಳ ಬೀಡಿ ಪುಸ್ತಕವನ್ನು ಮುಂದಿಟ್ಟುಕೊಂಡು, ವಾರವಾರವೂ ಕಟ್ಟಿದ್ದು ಎಷ್ಟು, ಕಳಪೆಯೆಂದು ತಿರಸ್ಕೃತವಾದದ್ದು ಎಷ್ಟು, ಕೈಗೆ ಬಂದ ಹಣ ಎಷ್ಟು ಎಂದು ಎಕ್ಸೆಲ್‌ನಲ್ಲಿ ಬರೆಯತೊಡಗಿದಳು. ತರಗತಿಯ ಅಭ್ಯಾಸಕ್ಕೆಂದು ಆರಂಭಿಸಿದ್ದದು. ಒಂದು ವರ್ಷದ ದುಡಿಮೆ ಒಂದೇ ಪುಟದಲ್ಲಿ ಕಂಡಾಗ ತಂಗಿ ಬಹಳ ಹೊತ್ತು ನೋಡಿದಳು. ಮರುವಾರ ಬ್ರಾಂಚಿಗೆ ಬೀಡಿ ಕೊಡಲು ಹೋದಾಗ, ಪ್ರತಿ ತಿಂಗಳ ಕೊನೆಯ ವಾರದಲ್ಲೇ ತಿರಸ್ಕಾರ ಹೆಚ್ಚುವುದು ಏಕೆಂದು ಅವಳು ಮೊದಲ ಬಾರಿಗೆ ಕೇಳಿದಳಂತೆ. ಉತ್ತರ ಇನ್ನೂ ಬಂದಿಲ್ಲ. ಆದರೆ ಕೇಳಲು ಅವಳ ಕೈಯಲ್ಲಿ ಲೆಕ್ಕವಿತ್ತು.

ಹೆತ್ತವರಲ್ಲಿ ನನ್ನ ವಿನಂತಿ ಇಷ್ಟೇ. ಲ್ಯಾಪ್‌ಟಾಪ್ ಕೊಡಿಸುವ ಮೊದಲು ಮಗುವಿನ ಜೊತೆ ಕುಳಿತು ಒಂದು ಹಾಳೆಯ ಮೇಲೆ ಮೂರು ಸಾಲು ಬರೆಯಿರಿ. ಓದಿಗೆ ಏನು ಬೇಕು, ಎಷ್ಟು ದೂರ ಹೊರಬೇಕು, ಸಾಲವಿಲ್ಲದೆ ಕೈಯಲ್ಲಿ ಎಷ್ಟಿದೆ. ಆ ಹಾಳೆಯನ್ನು ಹಿಡಿದುಕೊಂಡೇ ಅಂಗಡಿಗೆ ಹೋಗಿರಿ. ನೆರೆಮನೆಯವರು ಕೊಂಡದ್ದನ್ನಾಗಲೀ ಜಾಹೀರಾತಿನಲ್ಲಿ ಕಂಡದ್ದನ್ನಾಗಲೀ ಆ ಹಾಳೆಯಲ್ಲಿ ಸೇರಿಸಬೇಡಿ. ಹಾಗೆಯೇ, ಹಣವಿಲ್ಲವೆಂಬ ಕಾರಣಕ್ಕೆ ಓದುವ ಮಗಳ ಹೆಸರನ್ನು ಆ ಹಾಳೆಯಿಂದ ಅಳಿಸಲೂಬೇಡಿ.